ಮಾವನವರು ಜೋಡಿಸಿದ ಬ್ರೇಕು

ಮೆತ್ತನೆಯ ಸ್ವಭಾವ ಮನುಷ್ಯರಿಗೆ ಒಪ್ಪುತ್ತದೆ, ಬ್ರೇಕಿಗೆ ಒಪ್ಪುವುದಿಲ್ಲ. ಶೆಡ್ಡಿನಲ್ಲಿ ನಿಂತಿದ್ದ ಹಳೆಯ ವ್ಯಾನಿನ ಪೆಡಲ್ ಮಾತ್ರ ಪರಮ ಸಾಧು. ಕಾಲಿಟ್ಟರೆ ಸಾಕು, ತಲೆ ಬಗ್ಗಿಸಿಕೊಂಡು ನೆಲದ ತನಕ ಹೋಗಿಬಿಡುತ್ತಿತ್ತು. ಮನೆ ಅಳಿಯನಿಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಾಳೆಯಿಂದ ಆ ವ್ಯಾನ್ ಓಡಿಸುವವಳು ಅವನ ಹೆಂಡತಿ. ಗುಡ್ಡದ ಮೇಲಿರುವ ಈ ಶೆಡ್ಡಿನಿಂದ ಕುಡಿಯುವ ನೀರಿನ ಕ್ಯಾನ್ ತುಂಬಿಕೊಂಡು ಕೆಳಗಿನ ಅಂಗಡಿ ಬೀದಿಗೆ ಇಳಿಯಬೇಕು. ಇಳಿಜಾರಿನ ಕೊನೆಗೆ ತಿರುವು, ತಿರುವಿನ ಎದುರಿಗೇ ಕಲ್ಲಿನ ಗೋಡೆ.

ವ್ಯಾನ್ ಮಾವನದು. ಬಸ್ ಡಿಪೋದಲ್ಲಿ ಬ್ರೇಕಿನ ಮೇಸ್ತ್ರಿಯಾಗಿದ್ದವರು, ನಿವೃತ್ತರಾದ ಮೇಲೆ ತಾವೇ ನೀರು ಹಂಚುತ್ತಿದ್ದರು. ಕಣ್ಣಿನ ಡಾಕ್ಟರು “ಪೊರೆ ಬಲಿತಿದೆ, ಆಪರೇಷನ್ ಆಗೋ ತನಕ ಸ್ಟೀರಿಂಗ್ ಮುಟ್ಟಬೇಡಿ” ಎಂದ ದಿನದಿಂದ ಮನೆಯಲ್ಲಿ ಕಣ್ಣಿನ ಮಾತೆತ್ತಿದರೆ ಮಾವ ಕೆಂಗಣ್ಣು ಬಿಡುತ್ತಿದ್ದರು. ವ್ಯಾನನ್ನು ಮಗಳಿಗೆ ಒಪ್ಪಿಸುವ ಮುಂಚೆ ಮುಂದಿನ ಎರಡು ಚಕ್ರಗಳ ಬ್ರೇಕನ್ನು ಬಿಚ್ಚಿ, ಹೊಸ ರಬ್ಬರ್ ಹಾಕಿ, ಒಬ್ಬರೇ ಜೋಡಿಸಿದ್ದರು. ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ. “ಸ್ಟೀರಿಂಗ್ ಮುಟ್ಟಬೇಡಿ ಅಂದ್ರು. ಸ್ಪ್ಯಾನರ್ ಮುಟ್ಟಬೇಡಿ ಅಂದ್ರಾ?”

ಅಂದಿನಿಂದಲೇ ಪೆಡಲ್ ಮೆತ್ತಗಾದದ್ದು.

ಅಳಿಯನಿಗೆ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ಹೆಸರು ಕೂಗುವ ಕೆಲಸ. ಎಂಥವರ ದನಿಯನ್ನಾದರೂ ಗಂಟಲಿಗೆ ಇಳಿಸಿಕೊಳ್ಳಬಲ್ಲ. ಮಾವನ ಕೆಮ್ಮನ್ನಂತೂ ಮಾವನಿಗಿಂತ ಸೊಗಸಾಗಿ ಕೆಮ್ಮುತ್ತಿದ್ದ. ಆದರೆ ತನ್ನ ಸ್ವಂತ ದನಿಯಲ್ಲಿ ಮಾವನಿಗೆ ಎದುರಾಡಿದವನಲ್ಲ. ಮನೆ ಅಳಿಯ ಮನೆಯಲ್ಲಿ ಉಳಿಯಬೇಕಾದರೆ ಬಾಯಿಗೆ ಗಟ್ಟಿ ಬ್ರೇಕಿರಬೇಕು ಎಂಬುದು ಅವನ ಅನುಭವ.

ಈಗ ಮಾವ ಸೀಟಿನ ಮೇಲೆ, ಅಳಿಯ ಚಕ್ರ ಕಳಚಿದ ಎಡಭಾಗದಲ್ಲಿ ಅಂಗಾತ.

“ಎಲ್ಲಾದ್ರೂ ಸೋರ್ತಿದೆಯಾ, ಅಳಿಯಂದ್ರೆ?”

“ಒಂದು ಹನಿ ಇಲ್ಲ ಮಾವ.”

“ಒತ್ತಿ ಹಿಡಿದ್ರೆ ಪೆಡಲ್ ಕೆಳಗೆ ಜಾರ್ತಿಲ್ಲ. ಅಂದ್ಮೇಲೆ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ. ನಾಲ್ಕು ಸಲ ತುಳಿದ್ರೆ ಗಟ್ಟಿ ಆಗ್ತಿದೆ. ಅಂದ್ಮೇಲೆ ಒಳಗೆ ಏರ್ ಕೂತಿದೆ. ತೆಗೀರಿ ಅದನ್ನ. ಒತ್ತಿದೆ! ಬಿಚ್ಚಿ!”

ಅಳಿಯ ಗಾಳಿ ತೆಗೆಯುವ ತಿರುಪು ಸಡಿಲಿಸಿದ. ಬ್ರೇಕ್ ಆಯಿಲ್ ಸಣ್ಣ ಕೊಳವೆಯಲ್ಲಿ ಇಳಿದು ಬಾಟಲಿ ಸೇರಿತು. ಗುಳ್ಳೆ ಇಲ್ಲ.

“ಮುಚ್ಚಿ! ಬಂತಾ?”

“ಪ್ರಯಾಣಿಕರ ಗಮನಕ್ಕೆ,” ಅಳಿಯ ಮೂಗಿನಲ್ಲಿ ಕೂಗಿದ, “ಗುಳ್ಳೆ ಎಂಬ ಪ್ರಯಾಣಿಕರು ಎಲ್ಲಿದ್ದರೂ ಕೂಡಲೇ ಬಾಟಲಿಯ ಬಳಿ ಬರತಕ್ಕದ್ದು.”

“ಕೋತಿ ಆಟ ಸಾಕು. ಒತ್ತಿದೆ! ಬಿಚ್ಚಿ!”

ಒತ್ತಿ, ಬಿಚ್ಚಿ, ಮುಚ್ಚಿ. ಎಡಗಡೆ ಮುಗಿಸಿ ಬಲಗಡೆ, ಬಲಗಡೆ ಮುಗಿಸಿ ಮತ್ತೆ ಎಡಗಡೆ. ಬಾಟಲಿ ತುಂಬಿತೇ ಹೊರತು ಒಂದು ಗುಳ್ಳೆ ಮುಖ ತೋರಿಸಲಿಲ್ಲ. ಪೆಡಲ್ ಇದ್ದ ಹಾಗೇ ಇತ್ತು. ಗಾಳಿ ಒಳಗಿದ್ದರೆ ಹೊರಗೇಕೆ ಬರುತ್ತಿಲ್ಲ? ಬೆವರು ಒರೆಸಿಕೊಳ್ಳಲು ಎತ್ತಿದ ಅಳಿಯನ ಕೈ ಎತ್ತಿದಂತೆಯೇ ನಿಂತಿತು.

ಚಕ್ರದ ತಟ್ಟೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಯಿದೆಯಲ್ಲ, ಕ್ಯಾಲಿಪರ್, ಅದರ ಗಾಳಿ ತೆಗೆಯುವ ತಿರುಪು ನೆಲ ನೋಡುತ್ತಿತ್ತು. ಗಾಳಿ ಮೇಲಕ್ಕೇರುವ ಜಾತಿ, ತಿರುಪು ಇರಬೇಕಾದ್ದು ನೆತ್ತಿಯ ಮೇಲೆ. ತೆವಳಿಕೊಂಡು ಬಲಗಡೆ ಹೋಗಿ ನೋಡಿದ. ಅದೂ ನೆಲ ನೋಡುತ್ತಿತ್ತು. ಮಾವ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಜೋಡಿಸಿದ್ದರು. ಅವಳಿ ಮಕ್ಕಳಂತಿರುವ ಅವೆರಡಕ್ಕೂ ಇರುವ ವ್ಯತ್ಯಾಸ ಅಷ್ಟೇ, ಅದನ್ನು ಕಾಣಲು ಕಣ್ಣು ಬೇಕು.

ಗಂಟಲಿಗೆ ಮಾತು ಬಂತು. ಯಾರ ದನಿಯಲ್ಲಿ ಹೇಳುವುದು? ಡಿಪೋದ ಅರ್ಧ ಬಸ್ಸುಗಳನ್ನು ನಿಲ್ಲಿಸಿದ ಮನುಷ್ಯನಿಗೆ ‘ನಿಮಗೆ ಎಡಬಲ ಕಾಣಲಿಲ್ಲ’ ಎನ್ನುವುದು ಹೇಗೆ?

ಅಷ್ಟರಲ್ಲಿ ಮೇಲೆ ಪೆಡಲನ್ನು ದಬದಬ ನಾಲ್ಕೈದು ಸಲ ತುಳಿದ ಸದ್ದಾಯಿತು. “ಕಲ್ಲಾಯ್ತು ನೋಡಿ! ಹೊಸ ರಬ್ಬರು, ಇಷ್ಟು ಹೊತ್ತು ಸತಾಯಿಸ್ತು. ಚಕ್ರ ಹಾಕಿ.”

“ಆಯ್ತಾ ಅಪ್ಪ?” ಹೆಂಡತಿ ಒಳಗೆ ಬಂದಳು, ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು. “ಕ್ಯಾನ್ ತುಂಬಿಸಿಬಿಡಿ. ಬೆಳಕಿದ್ದಾಗ್ಲೇ ಒಂದ್ಸಲ ಇಳಿದು ನೋಡ್ತೀನಿ.”

“ತಗೋ ಕೀಲಿ.”

“ಈಗ್ಲೇ ಯಾಕೆ?” ಎಂದ ಅಳಿಯ ವ್ಯಾನಿನ ಕೆಳಗಿನಿಂದ. “ನಾಳೆ ನೋಡಿದ್ರಾಯ್ತು.”

“ರೀ, ನಿಮ್ಮ ಪುಕ್ಕಲುತನ ನಿಮ್ಮ ಹತ್ರಾನೇ ಇಟ್ಕೊಳ್ಳಿ. ನಾನು ಅಪ್ಪನ ಮಗಳು.”

ಕೀಲಿ ಗೊಂಚಲು ಝಣಗುಟ್ಟಿ ಕೈ ಬದಲಾಯಿಸಿತು. ಅಳಿಯನ ಕಣ್ಣ ಮುಂದೆ ಇಳಿಜಾರು, ತಿರುವು, ಗೋಡೆ. ಬಾಯಿ ಬರಲಿಲ್ಲ, ಕೈ ಬಂತು. ಕ್ಯಾಲಿಪರಿಗೆ ಆಯಿಲ್ ತರುವ ಪೈಪಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ತಿರುವಿಯೇ ಬಿಟ್ಟ. ಆಯಿಲ್ ಬಳಬಳನೆ ಅವನ ಅಂಗಿಯ ಮೇಲೆ ಸುರಿಯಿತು.

“ಅಯ್ಯಯ್ಯೋ ಮಾವ! ಪೈಪು!”

ಮಾವ ಧಡಾರನೆ ಇಳಿದರು. ಬಹುವಚನ ಅಲ್ಲೇ ಸೀಟಿನ ಮೇಲೆ ಉಳಿಯಿತು. “ಏನೋ ಮಾಡ್ದೆ? ಮೈಕ್ ಹಿಡಿಯೋ ಕೈಗೆ ಸ್ಪ್ಯಾನರ್ ಕೊಟ್ಟದ್ದು ನನ್ನ ತಪ್ಪು! ಸರಿ ಆ ಕಡೆ!”

ನೆಲಕ್ಕೆ ಮಂಡಿಯೂರಿದರು. ಕಣ್ಣು ಬಾಗಿಲ ಕಡೆಗಿತ್ತು, ನೋಡುತ್ತಿದ್ದದ್ದು ಬೆರಳು. ಬೆರಳು ಪೈಪನ್ನು ಹುಡುಕಿ ಬೋಲ್ಟ್ ಬಿಗಿಯಿತು. ಆಮೇಲೆ ತಿರುಪಿಗಾಗಿ ಕ್ಯಾಲಿಪರಿನ ನೆತ್ತಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ ಸವರಿತು. ಪಕ್ಕಕ್ಕೆ ಸರಿದು, ನಿಧಾನವಾಗಿ ಕೆಳಕ್ಕಿಳಿದು, ತಳದಲ್ಲಿ ತಿರುಪಿನ ತಲೆ ಮುಟ್ಟಿ ನಿಂತಿತು.

ಬೈಗುಳ ಅರ್ಧಕ್ಕೇ ನಿಂತಿತು.

“ಏನಾಯ್ತಪ್ಪ?” ಮಗಳು ಬಗ್ಗಿದಳು.

ಮಾವ ಕೆಮ್ಮಿದರು. “ನಿನ್ನ ಗಂಡ ಎಲ್ಲಾ ಕೆಡಿಸಿ ಹಾಕಿದ್ದಾನೆ. ಎರಡೂ ಬಿಚ್ಚಿ ಮತ್ತೆ ಜೋಡಿಸ್ಬೇಕು. ನೀನು ಹೋಗಿ ಟೀ ಮಾಡು.”

ಅವಳು ಗಂಡನನ್ನು ಕಣ್ಣಲ್ಲೇ ಹುರಿದು ಹೋದಳು. ಅಳಿಯ ಸ್ಪ್ಯಾನರ್ ಎತ್ತಿಕೊಂಡ.

ಇಬ್ಬರೂ ಸೇರಿ ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ತಂದರು. ಹೊಸ ಆಯಿಲ್ ಸುರಿದರು. ಮಾವ ಮತ್ತೆ ಸೀಟು ಹತ್ತಿದರು. ಈ ಸಲ ಬಿಚ್ಚಿದ ತಕ್ಷಣ ಗುಳ್ಳೆಗಳು ಕೊಳವೆಯೊಳಗೆ ಬಸ್ಸಿಗೆ ನುಗ್ಗುವವರ ಹಾಗೆ ನುಗ್ಗಿ ಬಂದವು. ಅವು ನಿಲ್ಲುವ ತನಕ ಒತ್ತಿ, ಬಿಚ್ಚಿ, ಮುಚ್ಚಿ. ಕೊನೆಗೆ ಮಾವ ಒಂದೇ ಸಲ ತುಳಿದರು. ಪೆಡಲ್ ಅರ್ಧದಲ್ಲೇ ಗಪ್ಪನೆ ನಿಂತಿತು.

“ಆ ಬೋಲ್ಟು ತಾನಾಗೇ ಬಿಚ್ಕೊಳ್ಳೋದಲ್ಲ,” ಎಂದರು ಮೆಲ್ಲಗೆ.

“ಕೈ ಜಾರ್ತು ಮಾವ.”

“ಮುಂದಿನ ಸಲ ಬಾಯಿ ಜಾರ್ಲಿ. ಬೈದ್ರೆ ಬೈಸ್ಕೊಳ್ಳಿ. ಅವಳು ಹೊರಟೇ ಬಿಟ್ಟಿದ್ರೆ?”

ಅಳಿಯನಿಗೆ ಯಾವ ದನಿಯೂ ಹೊಳೆಯಲಿಲ್ಲ. “ಹೇಳ್ತೀನಿ ಮಾವ,” ಎಂದ, ಬರಿಯ ತನ್ನದರಲ್ಲೇ.

ಚಕ್ರ ಹಾಕಿ, ಕ್ಯಾನ್ ತುಂಬಿಸಿದ್ದಾಯಿತು. ಅವಳು ಶೆಡ್ಡಿನ ಮುಂದಿನ ಸಮತಟ್ಟಿನಲ್ಲಿ ಎರಡು ಬಾರಿ ನಿಲ್ಲಿಸಿ ನೋಡಿ, ಕಿಟಕಿಯಿಂದ ಕೈಬೀಸಿ, ಇಳಿಜಾರಿಗೆ ತಿರುಗಿಸಿದಳು. ಗಂಡಸರಿಬ್ಬರೂ ಗೇಟಿನ ಹತ್ತಿರ ನಿಂತರು. ವ್ಯಾನ್ ಚಿಕ್ಕದಾಗುತ್ತಾ ಹೋಯಿತು. ಅಳಿಯನ ಬಲಗಾಲು ಮಣ್ಣನ್ನು ಒತ್ತುತ್ತಿತ್ತು. ಪಕ್ಕಕ್ಕೆ ನೋಡಿದರೆ ಮಾವನ ಚಪ್ಪಲಿಯೂ ಅದೇ ಕೆಲಸದಲ್ಲಿತ್ತು.

“ತಿರುವಿಗೆ ಬಂದ್ಲಾ?” ಮಾವ ಅವನ ತೋಳು ಹಿಡಿದರು. “ನಂಗೆ ಇಲ್ಲಿಂದ ಏನೂ ಕಾಣಲ್ಲ. ಹೇಳಿ ಅಳಿಯಂದ್ರೆ.”

“ಬಂದ್ಲು... ಬ್ರೇಕಿನ ಕೆಂಪು ದೀಪ ಹತ್ತಿತು.”

“ನಿಂತ್ಲಾ?”

“ನಿಂತ್ಲು ಮಾವ.”

“ಒಂದೇ ಸಲಕ್ಕಾ? ಮತ್ತೆ ಮತ್ತೆ ತುಳೀಲಿಲ್ಲ ತಾನೇ?”

“ದೀಪ ಒಂದೇ ಸಲ ಹತ್ತಿದ್ದು,” ಎಂದ ಅಳಿಯ. ಮಾವ ತೋಳು ಬಿಡಲಿಲ್ಲ.