ಕೌದಿಯ ಕಡೆಯ ಮೂಲೆ

ಆವತ್ತು ಬೆಳಗ್ಗೆ ದೋರನಹಳ್ಳಿಯ ಮೇಲೆ ಸೂರ್ಯ ಕಣ್ಣು ಬಿಡಲೇ ಇಲ್ಲ. ಭಾದ್ರಪದದ ಜಿಟಿಜಿಟಿ ಮಳೆ ಹಿಂದಿನ ವಾರ ಹಿಡಿದದ್ದು ಇನ್ನೂ ಬಿಟ್ಟಿರಲಿಲ್ಲ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಸಣ್ಣಗೆ ಶುರುವಾಗುತ್ತಿತ್ತು. ಓಣಿಯ ಕರಿಮಣ್ಣು ಕಾಲಿನ ಚಪ್ಪಲಿ ಕಸಿದುಕೊಳ್ಳುತ್ತಿತ್ತು. ಒಲೆಯ ಹೊಗೆ ಮೇಲೇರಲಾರದೆ ಅಂಗಳದಲ್ಲೇ ಕೂತಿತ್ತು. ಬಿಸಿಲು ಕೊಡುವವನೂ ಶಿವನೇ, ತಡೆಹಿಡಿಯುವವನೂ ಅವನೇ ಎಂದುಕೊಂಡು ಮಲ್ಲಾಬಾಯಿ ಹಣೆಗೆ ವಿಭೂತಿ ಹಚ್ಚಿಕೊಂಡಳು. ಸೂಜಿಯ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೌದಿ ಕೇಂದ್ರದ ದಾರಿ ಹಿಡಿದಳು.

ಕೇಂದ್ರವೆಂದರೆ ಊರ ಹೊರಗಿನ ಹಳೇ ಗೋದಾಮು. ಶಹಾಪುರದ ಒಂದು ಸೇವಾಸಂಸ್ಥೆ, ಪುಣೆಯ ಒಂದು ದೊಡ್ಡ ಪ್ರತಿಷ್ಠಾನ, ಎರಡೂ ಕೂಡಿ ಅದಕ್ಕೆ ತಗಡು ಹೊದಿಸಿ, ಲೈಟು ಹಾಕಿಸಿ, ಊರಿನ ಹೆಣ್ಣುಮಕ್ಕಳನ್ನು ಕೂಡಿಸಿದ್ದವು. ಹಳೇ ಸೀರೆಗಳನ್ನು ಪದರಿನ ಮೇಲೆ ಪದರು ಹಾಸಿ, ಕೈಯಿಂದ ಸಾಲು ಹೊಲಿಗೆ ಹಾಕಿದ ಕೌದಿ ಮೊದಲು ಮನೆಮಂದಿಯ ಚಳಿಗಷ್ಟೇ ಆಗುತ್ತಿತ್ತು. ಈಗ ಅದು ಪುಣೆಯ ಅಂಗಡಿಗೆ ಹೋಗುತ್ತಿತ್ತು. ಕೇಂದ್ರದಿಂದ ಊರಿಗೆ ಒಳ್ಳೆಯದಾಗಿರಲಿಲ್ಲ ಎಂದು ಯಾರೂ ಅನ್ನುವಂತಿರಲಿಲ್ಲ. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ದಾರ, ಗುಂಡಿ ಮಾರುತ್ತಿದ್ದ ಆಸೀಫ್ ಕೇಂದ್ರಕ್ಕೆ ಮಾಲು ಹಾಕುತ್ತ ಹಾಕುತ್ತ ಪಕ್ಕದ ಮಳಿಗೆಯನ್ನೂ ಹಿಡಿದಿದ್ದ. ಕೇಂದ್ರದ ಮುಖ್ಯಸ್ಥೆಯಾದ ಅನ್ನಮ್ಮ, ಗಂಡಸರು ಬಂದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಮಲ್ಲಾಬಾಯಿಯ ಒಂದು ಕೌದಿಯಿಂದ. ಅವಳ ಒಬ್ಬಳೇ ಮಗಳು ದೇವಿಕಾ ಕಾಮಾಲೆಯಾಗಿ ತೀರಿಕೊಂಡಾಗ, ಮಗಳ ಸೀರೆ, ಲಂಗ, ಶಾಲೆಯ ರಿಬ್ಬನ್ನುಗಳನ್ನೂ ಬಿಡದೆ ಕೂಡಿಸಿ ಆಕೆ ಒಂದು ಕೌದಿ ಹೊಲಿದಿದ್ದಳು. "ತೋರಿಸಿ ತರ್ತೀನಿ ಅಕ್ಕಾ, ವಾರದಾಗ ಕೊಡ್ತೀನಿ," ಎಂದು ಅನ್ನಮ್ಮ ಅದನ್ನು ಒಯ್ದು ಸಂಸ್ಥೆಯವರ ಮುಂದೆ ಹರಡಿದ್ದಳು. ಅದು ಪುಣೆಗೆ ಹೋಯಿತು, ಅಲ್ಲಿ ಗೋಡೆಗೆ ತೂಗುಬಿದ್ದಿತು. ವಾರ ಎರಡು ವರ್ಷವಾಯಿತು. ಕೇಳಿದಾಗಲೆಲ್ಲ ಅನ್ನಮ್ಮ, "ಬರ್ತದ ತಡಿ," ಅನ್ನುತ್ತಿದ್ದಳು.

ಕೌದಿ ಹೊಲಿಯುವವರಲ್ಲಿ ಒಂದು ಪದ್ಧತಿ. ಕಡೆಯ ಮೂಲೆ ಮುಚ್ಚುವ ಮುನ್ನ ಅದರೊಳಗೆ ಜೋಳದ ರೊಟ್ಟಿಯ ಒಂದು ಚೂರು ಇಟ್ಟು ಹೊಲಿಯಬೇಕು. ಕೌದಿಯನ್ನು ಉಪವಾಸ ಕಳಿಸಬಾರದು. ಉಪವಾಸದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ. ಅವ್ವಂದಿರಿಂದ ಕಲಿತದ್ದು, ಕೈಗೆ ಅಂಟಿದ್ದು. ಸಂಸ್ಥೆಯವರು ತರಬೇತಿಯಲ್ಲಿ ಹೊಲಿಗೆ ನೇರ ಇದೆಯೇ, ಬಣ್ಣ ಬಿಡುತ್ತದೆಯೇ ಎಂದೆಲ್ಲ ಕೇಳಿದ್ದರು. ಮೂಲೆಯಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ಹೇಳಬೇಕೆಂದು ಇವರಿಗೂ ಹೊಳೆಯಲಿಲ್ಲ.

ಮಲ್ಲಾಬಾಯಿ ಕೇಂದ್ರ ಮುಟ್ಟುವ ಹೊತ್ತಿಗೆ ಆಸೀಫ್ ತನ್ನ ಗಾಡಿಯಿಂದ ಗಂಟುಗಳನ್ನು ಇಳಿಸುತ್ತಿದ್ದ. ಪುಣೆಗೆ ಹೋದ ಮಾಲು ಅಷ್ಟೂ ತಿರುಗಿ ಬಂದಿತ್ತು.

"ಪುಣೆದ ಇಲಿಗೂ ನಮ್ಮ ಜ್ವಾಳದ ರುಚಿ ಹತ್ತ್ಯದ ನೋಡ್ರಿ," ಎಂದು ಅವನು ಒಂದು ಕೌದಿ ಬಿಡಿಸಿ ಹಿಡಿದ. "ಎಲ್ಲಾ ಬಿಟ್ಟು ಒಂದ ಮೂಲಿ ಕಡದಾವ. ಒಂದರಾಗಲ್ಲ, ಎಲ್ಲಾದರಾಗೂ. ಏನ್ ತುಂಬಿದ್ರಿ ಅಕ್ಕಾರ, ಹೂರಣ ಏನು?"

ಯಾರೂ ನಗಲಿಲ್ಲ. ಅವನ ನಗೆಯೂ ಅಲ್ಲಿಗೇ ಆರಿತು.

"ಸಂಸ್ಥೆದ ಪರಿಮಳಾ ಮೇಡಂ ಹಿಂದ ಬರಾಕತ್ತಾರ. ಯಾರು ಇಟ್ಟಾರ ಅಂತ ಕೇಳ್ತಾರ. ಹೆಸರು ಹೇಳಿದ್ರ ಆಕಿನ್ನ ತಗದು ಕೇಂದ್ರ ನಡಸ್ತಾರಂತ. ಇಲ್ಲಂದ್ರ ಬೀಗ. ನಿಮ್ಮ ಬೀಗದ ಕೂಡ ನನ್ನ ಅಂಗಡಿ ಬೀಗನೂ ಬೀಳ್ತದ, ಅದನ್ನೂ ನೆನಪಿಡ್ರಿ."

"ಎಲ್ಲಾರೂ ಇಟ್ಟೀವಲ್ಲ," ಎಂದಳು ಚಮನಬೀ. ಮಲ್ಲಾಬಾಯಿಯ ಎದುರಿಗೇ ಕೂತು ಹೊಲಿಯುವವಳು ಆಕೆ. "ನಾನೂ ಇಟ್ಟೀನಿ."

"ಎಲ್ಲಾರೂ ಅಂದ್ರ ಎಲ್ಲಾರೂ ಮನಿಗೆ ಹೋಗಬೇಕಾಗ್ತದ," ಅನ್ನಮ್ಮ ಕುರ್ಚಿಯಿಂದಲೇ ಅಂದಳು. "ಸುಮ್ನ ಕೂಡು."

ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು, "ಮಲ್ಲಕ್ಕಂದೇನದ, ಒಂದ ಹೊಟ್ಟಿ," ಅಂದಳು. ಇನ್ನೊಬ್ಬಳು, "ಅದೂ ಸಣ್ಣ ಹೊಟ್ಟಿ," ಅಂದಳು.

ಅನ್ನಮ್ಮ ದನಿ ಇಳಿಸಿದಳು. "ಬ್ಯಾಸರ ಮಾಡ್ಕೊಬ್ಯಾಡ ಅಕ್ಕಾ. ನಿನಗ ಹಿಂದಿಲ್ಲ, ಮುಂದಿಲ್ಲ. ಇವರಿಗೆ ಮಕ್ಕಳು ಅದಾವ, ಸೊಸ್ತೇರು ಅದಾರ. ನೀ ಒಬ್ಬಾಕಿ ಹೂಂ ಅಂದ್ರ ಇಷ್ಟು ಮನಿ ಒಲಿ ಉರೀತಾವ."

"ಸೂಜಿ ಕೈ ಬಿಟ್ರ ನನ್ನ ಹೊತ್ತು ಹೋಗಂಗಿಲ್ಲ ಅನ್ನಮ್ಮ," ಮಲ್ಲಾಬಾಯಿ ಮೆಲ್ಲಗೆ ಅಂದಳು. "ಹೊಟ್ಟಿದು ಹೆಂಗರ ನಡೀತದ. ಮನ್ಯಾಗ ಒಬ್ಬಾಕಿ ಕೂತ್ರ ಗ್ವಾಡಿ ಮಾತಾಡ್ತಾವ."

"ಹಂಗಂದ್ರ ಛಲೋನ ಆತಲ್ಲ, ಗ್ವಾಡಿ ಕೂಡ ಮಾತಾಡು. ಅವು ತಿರುಗಿ ಬೈಯಂಗಿಲ್ಲ."

ಈ ಸಲ ಎಲ್ಲರೂ ನಕ್ಕರು. ನಕ್ಕದ್ದು ತಪ್ಪೆಂದು ಗೊತ್ತಿದ್ದುದರಿಂದ ಸ್ವಲ್ಪ ಜೋರಾಗಿಯೇ ನಕ್ಕರು.

ಪರಿಮಳಾ ಬಂದಳು. ಯಾದಗಿರಿಯ ಹುಡುಗಿ, ಓದಿದವಳು, ದನಿಯೇರಿಸಿ ಮಾತಾಡಿದವಳಲ್ಲ. ನೆನೆದ ಕೊಡೆಯನ್ನು ಬಾಗಿಲಲ್ಲಿ ಒರಗಿಸಿ, "ನನಗ ಯಾರ ಮ್ಯಾಲೂ ಸಿಟ್ಟಿಲ್ಲ," ಎಂದಳು. "ಆದ್ರ ಪುಣೆಯವರಿಗೆ ಒಂದು ಉತ್ತರ ಕೊಡಬೇಕು. ಈ ರೊಟ್ಟಿ ಇಡೋದು ಯಾರ ಕೆಲಸ?"

ಅನ್ನಮ್ಮ ಮಲ್ಲಾಬಾಯಿಯ ಕಡೆ ಗದ್ದ ಎತ್ತಿ ತೋರಿಸಿದಳು, ಅಷ್ಟೇ.

"ಹೌದೇನ್ರಿ ಅಕ್ಕಾ?"

ಮಲ್ಲಾಬಾಯಿ ಚಮನಬೀಯ ಮುಖ ನೋಡಿದಳು. ಚಮನಬೀ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆ ಸೂಜಿಯಲ್ಲಿ ದಾರ ಆಗಲೇ ಇತ್ತು.

"ಹೌದ್ರಿ," ಎಂದಳು ಮಲ್ಲಾಬಾಯಿ. "ಉಪವಾಸ ಕಳಸಬಾರದಂತ ಇಟ್ಟೀನಿ."

"ಒಪ್ಕೊಂಡ್ರಲ್ಲ, ದೊಡ್ಡತನ," ಎಂದು ಪರಿಮಳಾ ಆಕೆಯ ಭುಜ ತಟ್ಟಿ, ಕೈಗೆ ಕತ್ತರಿ ಕೊಟ್ಟಳು. "ಹಂಗಾದ್ರ ನೀವ ಎಲ್ಲಾ ಮೂಲಿ ಬಿಚ್ಚಿಬಿಡ್ರಿ. ತಪ್ಪು ತಿದ್ದಿದ್ದು ಫೋಟೋ ಕಳಸಬೇಕು."

ಮಲ್ಲಾಬಾಯಿ ನೆಲಕ್ಕೆ ಕೂತು ಒಂದೊಂದೇ ಮೂಲೆ ಬಿಚ್ಚತೊಡಗಿದಳು. ಚಮನಬೀ ಹೊಲಿದದ್ದು, ಅನ್ನಮ್ಮ ಹೊಲಿದದ್ದು. ಆಕೆಯ ಕೈಗೆ ಎಲ್ಲರ ಹೊಲಿಗೆಯೂ ಗೊತ್ತಿತ್ತು. ಪ್ರತಿ ಮೂಲೆಯಿಂದಲೂ ಒಣಗಿದ ರೊಟ್ಟಿಯ ಚೂರು ಉದುರುತ್ತಿತ್ತು, ಇಲಿ ಬಿಟ್ಟ ಪುಡಿ ಉದುರುತ್ತಿತ್ತು. ಅನ್ನಮ್ಮ ಬಗ್ಗಿ ಅದನ್ನು ಕಸಬರಿಗೆಯಿಂದ ಬಳಿದು ಮೊರಕ್ಕೆ ತುಂಬುತ್ತಿದ್ದಳು. ಪರಿಮಳಾ ಫೋನು ಹಿಡಿದಿದ್ದಳು. "ಮುಖ ಸ್ವಲ್ಪ ಮ್ಯಾಲ ಎತ್ರಿ ಅಕ್ಕಾ. ಕತ್ತರಿ ಕಾಣಲಿ. ಹಾಂ."

ಕಡೆಯ ಗಂಟಿನ ತಳದಲ್ಲಿ ನೀಲಿ ರಿಬ್ಬನ್ನು ಕಂಡಿತು. ಮಲ್ಲಾಬಾಯಿಯ ಕೈ ನಿಂತಿತು.

ಗೋಡೆಗೆ ತೂಗಿದ್ದ ಕೌದಿಯನ್ನು ಇಲಿ ಮುಟ್ಟಿರಲಿಲ್ಲ. ಪರೀಕ್ಷೆಗೆಂದು ಅದೂ ಇವುಗಳ ಜತೆ ಬಂದಿತ್ತು. ಅದರ ಮೂಲೆಯಲ್ಲಿ ಇದ್ದದ್ದು ದೇವಿಕಾ ದವಾಖಾನೆಗೆ ಹೋಗುವ ದಿನ ತಾನೇ ಬಡಿದ ರೊಟ್ಟಿಯ ಚೂರು. ಆಮೇಲೆ ಮಗಳ ಕೈ ಮತ್ತೆ ರೊಟ್ಟಿ ಬಡಿಯಲಿಲ್ಲ. ಈ ಮಾತು ಊರಲ್ಲಿ ಇನ್ನೊಬ್ಬಳಿಗಷ್ಟೇ ಗೊತ್ತಿತ್ತು, ಅನ್ನಮ್ಮನಿಗೆ.

"ಇದೊಂದು ಬಿಡ್ರಿ ಮೇಡಂ. ಇದು ಮಾರಾಟದ್ದಲ್ಲ. ನನ್ನ ಮಗಳದು. ತೋರಸಾಕಂತ ಒಯ್ದಿದ್ರು."

ಪರಿಮಳಾ ಅನ್ನಮ್ಮನ ಕಡೆ ತಿರುಗಿದಳು. ಅನ್ನಮ್ಮನ ಕೈಯ ಕಸಬರಿಗೆ ಒಂದು ಗಳಿಗೆ ಸುಮ್ಮನಾಯಿತು.

"ಕೇಂದ್ರಕ್ಕ ಕೊಟ್ಟಾಳ್ರಿ," ಎಂದಳು.

"ಎಲ್ಲಾರೂ ಕೇಳೋದು ಅದನ್ನ ಅಕ್ಕಾ," ಪರಿಮಳಾ ಮಗುವಿಗೆ ಹೇಳುವ ಹಾಗೆ ಹೇಳಿದಳು. "ಅದನ್ನ ನೋಡೇ ಆರ್ಡರ್ ಬರ್ತಾವ. ನಿಮ್ಮ ಮಗಳು ಇಷ್ಟು ಮನಿ ನಡಸಾಕತ್ತಾಳ ಅಂತ ತಿಳೀರಿ. ಬಿಚ್ರಿ."

ಮಲ್ಲಾಬಾಯಿ ತುಟಿಯಲ್ಲೇ ಶಿವನ ಹೆಸರು ತಂದುಕೊಂಡಳು. ಬೇಡುವುದಕ್ಕಲ್ಲ, ಅವನೂ ಇಲ್ಲೇ ಕೂತು ನೋಡಲಿ ಎಂದು. ಕತ್ತರಿ ಆಡಿಸಿದಳು. ಚೂರು ಸದ್ದಿಲ್ಲದೆ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಕೈ ಚಾಚುವುದರೊಳಗೆ ಕಸಬರಿಗೆ ಬಂದು ಬಳಿದುಕೊಂಡು ಹೋಯಿತು. ಹೊರಗೆ ಮೊರ ಕೊಡವಿದ ಸದ್ದು, ಅದರ ಹಿಂದೆಯೇ ಕೋಳಿಗಳು ಓಡಿ ಬಂದ ಸದ್ದು.

ಬಿಚ್ಚಿದ ಮೂಲೆಗಳಿಗೆ ಹೊಲಿಗೆ ಮಷಿನ್ನು ಟರಟರ ಓಡಿತು. ದೇವಿಕಾಳ ಕೌದಿಗೂ ಓಡಿತು. ಮಧ್ಯಾಹ್ನಕ್ಕೆ ಗಂಟುಗಳು ಮತ್ತೆ ಆಸೀಫನ ಗಾಡಿ ಹತ್ತಿದವು. ಮಲ್ಲಾಬಾಯಿ ಕತ್ತರಿಯನ್ನು ಮೇಜಿನ ಮೇಲಿಟ್ಟು ಹೊರಬಿದ್ದಾಗ ಯಾರೂ ತಲೆ ಎತ್ತಲಿಲ್ಲ. ಅನ್ನಮ್ಮ ಮಾತ್ರ ಬೆನ್ನ ಹಿಂದಿನಿಂದ, "ನಿನ್ನ ಜಾಗಾಕ ನಾಳಿಂದ ನನ್ನ ಸೊಸಿ ಕೂಡ್ತಾಳ. ಮತ್ತ ಯಾರೋ ಹೇಳಿ ಗೊತ್ತಾಗೋದು ಬ್ಯಾಡಂತ ನಾನ ಹೇಳಾಕತ್ತೇನಿ," ಎಂದಳು.

ದೀಪ ಹಚ್ಚುವ ಹೊತ್ತಿಗೆ ಮಲ್ಲಾಬಾಯಿ ಲಿಂಗದ ಮುಂದೆ ಬತ್ತಿ ತೀಡುತ್ತಿದ್ದಳು. ಹೊಸ್ತಿಲ ಮೇಲೆ ನೆರಳಾಯಿತು. ಅನ್ನಮ್ಮ ನಿಂತಿದ್ದಳು. ಸೆರಗು ನೆನೆದು ತಲೆಗೆ ಅಂಟಿತ್ತು. ಒಳಗೆ ಬಾ ಎಂದು ಮಲ್ಲಾಬಾಯಿ ಅನ್ನಲಿಲ್ಲ. ಬರಲೇ ಎಂದು ಆಕೆಯೂ ಕೇಳಲಿಲ್ಲ.

ಅನ್ನಮ್ಮ ಸೆರಗಿನ ತುದಿಯ ಗಂಟು ಬಿಚ್ಚಿದಳು. ನೆನೆದ ಗಂಟು ಬೇಗ ಬಿಚ್ಚಲಿಲ್ಲ, ಹಲ್ಲಿನಿಂದ ಎಳೆಯಬೇಕಾಯಿತು. ಒಳಗಿಂದ ಉಗುರಿನಷ್ಟು ರೊಟ್ಟಿಯ ಚೂರು ತೆಗೆದಳು. ಒಣಗಿ ಕಲ್ಲಾಗಿತ್ತು, ನೀಲಿ ದಾರದ ಒಂದು ಎಳೆ ಅದಕ್ಕೆ ಅಂಟಿಕೊಂಡಿತ್ತು.

ಮಲ್ಲಾಬಾಯಿ ಅಂಗೈ ಚಾಚಿದಳು. ಅನ್ನಮ್ಮ ಅದನ್ನು ಅಲ್ಲಿ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಬಂದ ದಾರಿಯಲ್ಲೇ ಮಳೆಯೊಳಗೆ ಇಳಿದಳು.