ಕೊರಗಪ್ಪ ಕಾಪಾಡಿದ ಮೀನುಗಳು

ಎಣ್ಣೆಯ ಮೇಲೆ ಕುಳಿತ ದೇಶದಲ್ಲಿ ಕಲ್ಲಿದ್ದಲು ಅಗೆಯಲು ಹೊರಟವರ ಬುದ್ಧಿವಂತಿಕೆಗೆ ಏನು ಹೇಳೋಣ! ಕೊರಗಪ್ಪನಂತೂ ಏನೂ ಹೇಳಿರಲಿಲ್ಲ. ೧೯೯೨ರಲ್ಲಿ, ಮಸ್ಕತ್ತಿನಾಚೆಯ ಸೂರ್ ಪಟ್ಟಣದಿಂದ ಒಳನಾಡಿನಲ್ಲಿದ್ದ ಗಣಿ ಕ್ಯಾಂಪಿನಲ್ಲಿ ಅವನು ಬರೀ ಪಂಪ್ ಆಪರೇಟರ್. ಕಂಪನಿ ತೋಡಿದ ಗುಂಡಿಯಲ್ಲಿ ಕಲ್ಲಿದ್ದಲಿಗಿಂತ ಮೊದಲು ನೀರು ಸಿಕ್ಕಿತ್ತು. ಮರಳುಗಾಡಿನಲ್ಲಿ ನೀರು ಸಿಕ್ಕರೆ ಬೇರೆಯವರು ಕುಣಿದಾಡುತ್ತಾರೆ. ಇವರು ಹಣೆ ಚಚ್ಚಿಕೊಂಡು, ಅದನ್ನೆಲ್ಲ ಎತ್ತಿ ಹೊರಗೆ ಹಾಕು ಎಂದರು. ಎತ್ತಿದ ನೀರಿನಲ್ಲಿ ಒಂದಿಷ್ಟು ಕ್ಯಾಂಪಿನ ಸಿಮೆಂಟ್ ಟ್ಯಾಂಕಿಗೆ ಹೋಗುತ್ತಿತ್ತು, ಉಳಿದದ್ದೆಲ್ಲ ಲಾರಿ ರಸ್ತೆಯ ಧೂಳು ಅಡಗಿಸುವುದಕ್ಕೆ.

ಗುಂಡಿಯಿಂದ ಕೂಗಳತೆಯಲ್ಲಿ ಒಂದು ಹೊಳೆ. ಹೊಳೆಯೆಂದರೆ ನಮ್ಮ ನೇತ್ರಾವತಿಯಂಥದ್ದಲ್ಲ. ಮಳೆ ಬಿದ್ದಾಗ ಹರಿದು, ಉಳಿದ ಕಾಲ ಬಂಡೆಗಳ ನಡುವೆ ಒಂದು ಹೊಂಡವಾಗಿ ನಿಲ್ಲುವಂಥದ್ದು. ಹೊಂಡದಲ್ಲಿ ಬೆರಳುದ್ದದ ಮೀನುಗಳಿದ್ದವು. ಕೊರಗಪ್ಪ ಸಂಜೆ ಕಾಲು ಇಳಿಬಿಟ್ಟು ಕುಳಿತರೆ ಬಂದು ಕಚಗುಳಿ ಇಡುತ್ತಿದ್ದವು. ಊರು ಬಿಟ್ಟು ಮೂರು ವರ್ಷವಾಗಿದ್ದ ಅವನನ್ನು ಪ್ರೀತಿಯಿಂದ ಮುಟ್ಟುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಆಡುಗಳಿಗೆ ನೀರು ಕುಡಿಸಲು ಬರುವ ಮುದುಕಿ ಶರೀಫಾ ಒಂದು ದಿನ ಬಂಡೆಯ ಮೇಲಿನ ಗುರುತು ತೋರಿಸಿದಳು. “ಸದೀಕ್, ಗೆಳೆಯಾ, ಹೋದ ತಿಂಗಳು ನೀರು ಇಲ್ಲಿತ್ತು. ಈ ಮೀನು ಬೇರೆ ಯಾವ ಹೊಳೆಯಲ್ಲೂ ಇಲ್ಲ. ನಿನ್ನ ಮೆಷಿನ್ ಕುಡಿಯುತ್ತಿರುವುದು ಇವುಗಳ ನೀರು,” ಎಂದು ಹರಕುಮುರುಕು ಹಿಂದಿಯಲ್ಲಿ ಹೇಳಿದಳು.

ಕೊರಗಪ್ಪ ಗೇಣು ಹಾಕಿ ನೋಡಿದ, ಮುದುಕಿಯ ಮಾತು ನಿಜವೇ. ಆದರೆ ಪಂಪು ನಿಲ್ಲಿಸಿದರೆ ಮರುದಿನವೇ ಊರಿನ ಟಿಕೆಟು. ಯೋಚಿಸುತ್ತಾ ಕುಳಿತವನಿಗೆ ಬಂಟ್ವಾಳದ ಮನೆಯ ಬಾವಿ ನೆನಪಾಯಿತು. ಅಲ್ಲಿ ಹೊಸ ಬಾವಿ ತೋಡಿದರೆ, ನೀರು ಚೊಕ್ಕವಾಗಿರಲೆಂದು ಹತ್ತಿರದ ತೋಡಿನ ಹರಿವ ನೀರಿನಿಂದ ನಾಲ್ಕು ಮೀನು ತಂದು ಬಿಡುತ್ತಾರೆ. ಬಾವಿಗೆ ಆಗುವುದು ಟ್ಯಾಂಕಿಗೆ ಯಾಕಾಗಬಾರದು? ಶುಕ್ರವಾರದ ರಜೆಯಲ್ಲಿ ಹೆಗಲ ಮೇಲಿನ ಬೈರಾಸು ವಸ್ತ್ರವನ್ನೇ ಬಲೆ ಮಾಡಿ ಹೊಂಡಕ್ಕಿಳಿದ. ಚಿಕ್ಕಂದಿನಿಂದ ತೋಡಿನ ಮೀನು ಹಿಡಿದು ಪಳಗಿದ ಕೈ. ಕಲ್ಲಿನ ಸಂದಿಯಲ್ಲಿ ಅಡಗಿದ್ದವನ್ನೂ ಸೇರಿಸಿ, ಒಂದನ್ನೂ ಬಿಡದೆ ಬಕೆಟಿನಲ್ಲಿ ಟ್ಯಾಂಕಿಗೆ ಸಾಗಿಸಿದ. ಪುಣ್ಯದ ಕೆಲಸ ಮಾಡಿದೆನೆಂದು ಒಳಗೊಳಗೇ ಬೀಗಿದ.

ಶನಿವಾರ ಬೆಳಿಗ್ಗೆ ಒಂದು ಜೀಪು ಬಂತು. ಸರಕಾರದ ಅಧಿಕಾರಿಯೊಬ್ಬರು, ಕಂಪನಿಯ ಮ್ಯಾನೇಜರ್, ಜೊತೆಗೆ ಮಸ್ಕತ್ತಿನ ಅಲ್ ಅಜೈಬಾದಲ್ಲಿದ್ದ ಕಂಪನಿ ಆಫೀಸಿನ ಟೈಪಿಸ್ಟ್, ಮಂಗಳೂರಿನ ಪಾಸ್ಕಲ್ ಇಳಿದರು. ಪಾಸ್ಕಲ್ ಅವನನ್ನು ಬದಿಗೆಳೆದ.

“ಕೊರಗಪ್ಪಣ್ಣಾ, ಆ ಮುದುಕಿ ಮಸ್ಕತ್ತಿಗೆ ಅರ್ಜಿ ಕಳಿಸಿದ್ದಾಳೆ. ಇವತ್ತು ಹೊಂಡದಲ್ಲಿ ಆ ಮೀನು ಸಿಕ್ಕಿದ್ರೆ ನಿಮ್ಮ ಪಂಪು ಖಲಾಸ್! ಲೆಟರ್ ನಾನೇ ಓದಿದ್ದು ಮಾರಾಯ್ರೆ.”

“ಎಷ್ಟು ಮೀನು ಸಿಗ್ಬೇಕು?”

“ಒಂದು ಸಾಕು.”

ಕೊರಗಪ್ಪ ಟ್ಯಾಂಕಿನತ್ತ ತಿರುಗಿ ನೋಡಿದ. ಅಧಿಕಾರಿ ಎರಡು ಗಂಟೆ ಬಲೆಯಿಂದ ಹೊಂಡ ಜಾಲಾಡಿದರು. ಒಂದು ಕಪ್ಪೆ ಸಿಕ್ಕಿತು. ಕಪ್ಪೆಯ ಪರವಾಗಿ ಯಾರೂ ಅರ್ಜಿ ಹಾಕಿರಲಿಲ್ಲ.

“ಸರ್, ಮೀನು ಟ್ಯಾಂಕಿಯಲ್ಲಿ ಉಂಟು! ನಾನೇ ಹಾಕಿದ್ದು, ಈಗ್ಲೇ ವಾಪಸ್ ಬಿಡ್ತೇನೆ,” ಎಂದು ಕೊರಗಪ್ಪ ಅಡ್ಡ ಬಂದ. ಪಾಸ್ಕಲ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ.

ಅಧಿಕಾರಿ ಟ್ಯಾಂಕಿಗೆ ಬಗ್ಗಿ ನೋಡಿ ನಿಟ್ಟುಸಿರಿಟ್ಟರು. ಅದೇ ಮೀನು, ಸಂಶಯವಿಲ್ಲ. ಆದರೆ ಅವರು ಬರೆಯಬೇಕಾದದ್ದು ಹೊಳೆಯಲ್ಲಿ ಏನಿದೆ ಎಂದು. ಟ್ಯಾಂಕಿನಲ್ಲಿರುವುದು ಕಂಪನಿಯ ಸಾಕುಮೀನು. ‘ಹೊಳೆಯಲ್ಲಿ ಮೀನಿಲ್ಲ’ ಎಂದು ಬರೆದು ಸಹಿ ಹಾಕಿದರು. ಮ್ಯಾನೇಜರ್ ಕೊರಗಪ್ಪನ ಬೆನ್ನು ತಟ್ಟಿ, ಟ್ಯಾಂಕಿನ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ. ತಿಂಗಳೊಳಗೆ ಅಲ್ಲಿ ‘ಮೀನು ಸಂರಕ್ಷಣಾ ಕೇಂದ್ರ’ ಎಂಬ ಬೋರ್ಡು ಬಂತು. ಮಗ್ಗುಲಲ್ಲೇ ಎರಡನೆಯ ಪಂಪೂ ಬಂತು.

ಹೊಂಡ ಬತ್ತಿ ಬಿರುಕುಬಿಟ್ಟಿತು. ಒಂದು ಬೆಳಿಗ್ಗೆ ಕೊರಗಪ್ಪ, ಕೆಲಸ ಹೋದರೆ ಹೋಗಲಿ ಎಂದು ಎರಡೂ ಪಂಪು ಬಂದ್ ಮಾಡಿದ. ಅಡುಗೆಮನೆಯ, ಬಚ್ಚಲಿನ ನಲ್ಲಿಗಳು ಟ್ಯಾಂಕನ್ನು ಮಧ್ಯಾಹ್ನದೊಳಗೆ ಬರಿದು ಮಾಡಿದವು. ತಳದ ಚೂರು ನೀರಿನಲ್ಲಿ ಮೀನುಗಳು ಬಾಯಿ ಬಿಡುತ್ತಿದ್ದವು. ಅವನು ಪಂಪು ಚಾಲೂ ಮಾಡಲು ಎದ್ದುಬಿದ್ದು ಓಡಿದ.

ಶರೀಫಾ ಅಲ್ಲೇ ನಿಂತಿದ್ದಳು. “ಇವನ್ನು ಮನೆಗೆ ಯಾವಾಗ ಕಳಿಸುತ್ತೀ?”

“ಹೊಂಡಕ್ಕೆ ನೀರು ಬಂದ ಮೇಲೆ, ಉಮ್ಮಾ.”

“ಹೊಂಡಕ್ಕೆ ನೀರು ಯಾವಾಗ ಬರುತ್ತದೆ?”

“ಪಂಪು ನಿಲ್ಲಿಸಿದ ಮೇಲೆ,” ಎನ್ನುತ್ತಾ ಕೊರಗಪ್ಪ ಸ್ವಿಚ್ ಒತ್ತಿದ.