ಐದನೆಯ ಪೆಟ್ಟು

ಇಂಡಿಕೇಟರಿನ ಸದ್ದು, ಒಂದೇ ಅಂತರ, ಒಂದೇ ತೂಕ, ಇಪ್ಪತ್ತೆರಡು, ಇಪ್ಪತ್ತಮೂರು — ಎದುರಿನ ದೀಪ ಇನ್ನೂ ಕೆಂಪು, ಯಂತ್ರಕ್ಕೆ ಅವಸರವೂ ಇಲ್ಲ, ಆಲಸ್ಯವೂ ಇಲ್ಲ, ತಿರುಮಲೇಶ ಎಣಿಸುತ್ತ ಕುಳಿತಿದ್ದಾನೆ, ಎಪ್ಪತ್ತೊಂದು ವರ್ಷ ಎಣಿಸಿಯೇ ಬದುಕಿದವನು, ಲಿವೋನಿಯಾದಿಂದ ಇಟಾಸ್ಕಾದವರೆಗೆ ಇನ್ನೂರ ಎಂಬತ್ತೈದು ಮೈಲಿ ಅಮೆರಿಕನ್ ಹೆದ್ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಗ್ರೀಕಿನಲ್ಲಿ ಕಟ್ಟುತ್ತ ಒಡೆಯುತ್ತ ಬಂದವನು: ಅಮ್ಮ, ಆ ಟೇಪಿನಲ್ಲಿ ಬಾರಿಸಿದ್ದು ನಿಮ್ಮ ಮಗನಲ್ಲ. ರೀ, ಗ್ರೀನ್ ಬಂತು, ಹಿಂದಿನವನು ಹಾರ್ನ್ ಹೊಡೀತಿದಾನೆ, ಎಂದಳು ಪಕ್ಕದಲ್ಲಿದ್ದ ಪದ್ಮ, ಮದುವೆಯಾಗಿ ನಲವತ್ತೆರಡು ವರ್ಷವಾದ ಹೆಂಡತಿ, ನಿನ್ನೆ ರಾತ್ರಿಯಷ್ಟೇ ಅವನ ಬಾಯಿಂದ ವಿಷಯ ಕೇಳಿದವಳು, ಹೇಳಿಬಿಡಿ, ಊರಿನವರ ಲೆಕ್ಕವನ್ನೆಲ್ಲ ತಿದ್ದಿದೀರಿ, ನಿಮ್ಮದೊಂದನ್ನ ತಿದ್ದಿಕೊಳ್ಳೋಕೆ ಏನು ದಾಡಿ. ದಾಡಿಯಲ್ಲ, ಆ ಟೇಪು ಮಾಡಿದ ತಂಡದ ಮನೋಲಿಸನ ಫೋನು. ದಾಸ್ಕಲೆ, ಎಂದೇ ಕರೆದಿದ್ದ ಅವನು, ಮೇಷ್ಟ್ರೇ ಎಂಬ ಆ ಹಳೆಯ ಅಡ್ಡಹೆಸರಿನಿಂದ, ಬಾಯಿ ಬಿಡಬೇಡ ಮಾರಾಯ, ಮೂವತ್ತನಾಲ್ಕು ವರ್ಷ ಆಯಮ್ಮ ಆ ಟೇಪನ್ನ ಕೇಳಿಲ್ಲ, ಸೈತಾನನ ಸಂಗೀತ ಅಂತ ಪಾದ್ರಿ ಅಂದಿದ್ದಕ್ಕೆ ಕಿವಿ ಮುಚ್ಕೊಂಡಿದ್ಲು, ಈಗ ಸಾಯೋ ಮುಂಚೆ ಒಂದ್ಸಲ ಮಗನ ಕೈ ಕೇಳ್ಬೇಕಂತೆ.

ಮಗನ ಕೈ — ಲೆಫ್ತೆರಿಸ್, ಹತ್ತೊಂಬತ್ತು ವರ್ಷ, ಕಂಕುಳಲ್ಲಿ ಸದಾ ಡ್ರಮ್ಮಿನ ಎರಡು ಕೋಲು. ಆಗ ಗ್ರೀಕ್ ಬಂದರು ಪಿರೇಯಸ್ಸಿನ ಹಡಗಿನ ಕಂಪನಿಯಲ್ಲಿ ಸರಕಿನ ತೂಕ ಲೆಕ್ಕ ಹಾಕುವ ಕೆಲಸ ತಿರುಮಲೇಶನದು, ಪದ್ಮ ಮೈಸೂರಿನಲ್ಲಿ, ಬಾಡಿಗೆಯ ಕೋಣೆ ಸ್ತಮಾತಿಯಾ ಎಂಬಾಕೆಯ ಮನೆಯ ಮೇಲಂತಸ್ತು, ನೆಲಮಾಳಿಗೆಯಲ್ಲಿ ಆಕೆಯ ಮಗನೂ ಮನೋಲಿಸನೂ ಕಟ್ಟಿದ ಮೆಟಲ್ ಸಂಗೀತದ ತಂಡ, ಮಾವ್ರೊ ಪಿಗಾದಿ, ಕಪ್ಪು ಬಾವಿ, ಮುಖಕ್ಕೆ ಸುಣ್ಣ, ಕಣ್ಣಿಗೆ ಮಸಿ, ಗಂಟಲಲ್ಲಿ ಗರಗಸ. ದೂರು ಹೇಳಲೆಂದು ಮೆಟ್ಟಿಲಿಳಿದವನು ಅಲ್ಲೇ ನಿಂತುಬಿಟ್ಟಿದ್ದ, ಏಕೆಂದರೆ ಆ ಗದ್ದಲದ ಅಡಿಯಲ್ಲಿ ಏಳರ ತಾಳ ಇತ್ತು, ಮೂರು ಎರಡು ಎರಡು, ಮೈಸೂರಿನಲ್ಲಿ ಅಜ್ಜಿ ತೊಡೆಯ ಮೇಲೆ ತಟ್ಟಿ ಕಲಿಸಿದ ಮಿಶ್ರ ಛಾಪು, ಆದರೆ ಐದನೆಯ ಪೆಟ್ಟು ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ತಡ. ತಪ್ಪು, ಎಂದಿದ್ದ ತಿರುಮಲೇಶ. ತಪ್ಪಾದ್ರೆ ನೀನೇ ಬಾರಿಸು ದಾಸ್ಕಲೆ, ಎಂದು ಹುಡುಗ ಕೋಲು ಚಾಚಿ ನಕ್ಕಿದ್ದ, ಹೆಸರು ಅಂಟಿಕೊಂಡಿದ್ದು ಅಂದೇ. ಫೆಬ್ರುವರಿಯಲ್ಲಿ ಸ್ಕೂಟರು, ಒದ್ದೆ ರಸ್ತೆ, ಬಂದರಿನ ಲಾರಿ. ಮೊದಲ ಡೆಮೊ ಟೇಪಿನ ಧ್ವನಿಮುದ್ರಣಕ್ಕೆ ಉಳಿದಿದ್ದು ಮೂರು ವಾರ. ಇನ್ನೊಬ್ಬನನ್ನು ಕೂರಿಸಲು ಮನೋಲಿಸನಿಗೆ ಮನಸ್ಸಾಗಲಿಲ್ಲ, ತುಂಬಿದ ಲೆಕ್ಕದಂತೆ ತಾನೇ ಬಾರಿಸುವ ಒಂದು ಡ್ರಮ್ ಮೆಷೀನ್ ಎಲ್ಲಿಂದಲೋ ತಂದ, ಹಳೆಯ ಅಭ್ಯಾಸದ ಸುರುಳಿ ಟೇಪನ್ನೂ ತಂದ, ಇದರಲ್ಲಿರೋದು ಅವನ ಕೈ, ಇದನ್ನ ಹಾಗೇ ಯಂತ್ರಕ್ಕೆ ಹಾಕಿಕೊಡು, ಲೆಕ್ಕ ನಿನಗೆ ಬರುತ್ತೆ.

ಬರುತ್ತಿತ್ತು. ಟೇಪನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ, ಪೆಟ್ಟು ಬಿದ್ದಲ್ಲಿ ಪೆನ್ಸಿಲ್ ಗುರುತು ಹಾಕಿ, ಸ್ಕೇಲಿಟ್ಟು ಅಳೆದಿದ್ದ, ಪೆಟ್ಟಿಗೆ ಪೆಟ್ಟು ಎಪ್ಪತ್ತೊಂದು ಮಿಲಿಮೀಟರು, ಐದನೆಯದು ಮಾತ್ರ ಏಳಕ್ಕೆ ತುಸು ಕಡಿಮೆ ಹಿಂದೆ, ನಾನೂರು ಸುತ್ತಿನಲ್ಲೂ ಅಷ್ಟೇ ಹಿಂದೆ. ಯಂತ್ರ ಒಂದು ಪೆಟ್ಟನ್ನು ತೊಂಬತ್ತಾರು ಭಾಗ ಮಾಡುತ್ತಿತ್ತು, ಒಂಬತ್ತು ಭಾಗ ಸರಿಸಿದ್ದರೆ ಹುಡುಗ ಬಂದು ಕೂತಂತೆ ಆಗುತ್ತಿತ್ತು, ಅಷ್ಟೇ ಇತ್ತು ಕೆಲಸ — ಅವನು ಒಂಬತ್ತನ್ನು ಅಳಿಸಿ ಸೊನ್ನೆ ಬರೆದ. ಸತ್ತವನ ತಪ್ಪನ್ನು ಲೋಕದ ಮುಂದೆ ಏಕಿಡಬೇಕು, ಇದೇ ನಾನು ಸಲ್ಲಿಸಬಹುದಾದ ಗೌರವ, ಎಂದುಕೊಂಡಿದ್ದ. ಮನೋಲಿಸ್ ಅಳುತ್ತ ಕೇಳಿದ, ಗುರುತಿಸಲಿಲ್ಲ. ಹೊದಿಕೆಯ ಮೇಲೆ ಅಚ್ಚಾಯಿತು, ಡ್ರಮ್ಸ್: ಲೆಫ್ತೆರಿಸ್. ಬೇಸಿಗೆಯಲ್ಲಿ ಹುಡುಗನ ತಾಯಿಯ ಊರಿನ ಮದುವೆ, ಕರಿಬಟ್ಟೆಯ ಸ್ತಮಾತಿಯಾಳನ್ನು ಹೆಂಗಸರು ಒತ್ತಾಯದಿಂದ ಕುಣಿತದ ಸಾಲಿಗೆ ಎಳೆದರು, ಮೂರು ಎರಡು ಎರಡು, ಸಾಲಿಗೆ ಸಾಲೇ ಐದನೆಯ ಹೆಜ್ಜೆಯನ್ನು ಗಾಳಿಯಲ್ಲಿ ಅರೆಗಳಿಗೆ ತಡೆಯಿತು, ಆಮೇಲೆ ಇಳಿಸಿತು. ತಿರುಮಲೇಶನ ಕೈಯ ಲೋಟ ಓರೆಯಾಗಿ ವೈನು ಷೂ ಮೇಲೆ ಸುರಿದಿತ್ತು. ಹುಡುಗನ ಆ ತಡ ತಪ್ಪಾಗಿರಲಿಲ್ಲ. ಅಷ್ಟರಲ್ಲಿ ಟೇಪಿನ ಮುನ್ನೂರು ಪ್ರತಿಗಳು ಅಂಚೆಯಲ್ಲಿ ಹೊರಟುಹೋಗಿದ್ದವು.

ಹೋಟೆಲಿನ ಕೋಣೆ, ನೀಲಿ ಜಮಖಾನ, ಗೋಡೆಗೆ ಒರಗಿಸಿದ ಹೊಸ ಎಲ್‌ಪಿ ತಟ್ಟೆಗಳು, ಅದೇ ಡೆಮೊ, ಅದೇ ಹೆಸರು, ಬಿಡುಗಡೆಗೆ ಬಂದ ಹತ್ತು ಹದಿನೈದು ಜನ, ತಲೆ ನೆರೆತ ಮನೋಲಿಸ್ ತಬ್ಬಿಕೊಂಡು ಕಿವಿಯಲ್ಲಿ, ದಯವಿಟ್ಟು, ಎಂದಷ್ಟೇ ಅಂದ. ಗಾಲಿಕುರ್ಚಿಯಲ್ಲಿ ಸ್ತಮಾತಿಯಾ, ಎಂಬತ್ತೆಂಟು, ಇಲ್ಲೇ ಬೋಲಿಂಗ್‌ಬ್ರೂಕಿನಲ್ಲಿ ಮಗಳ ಮನೆಯಲ್ಲಿರುವವಳು, ಕಣ್ಣು ಪೂರ್ತಿ ಹೋಗಿದೆ, ಅವನ ಅಂಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ತಡವಿ, ಬಡಕಲಾಗಿದೀಯ ದಾಸ್ಕಲೆ, ಹೆಂಡತಿ ಅನ್ನ ಹಾಕಲ್ವಾ, ಎಂದಳು, ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು, ಹೇಳಬೇಕು, ತಟ್ಟೆಯ ಮೇಲೆ ಪ್ಲೇಯರಿನ ಮುಳ್ಳು ಇಳಿಯುವ ಮುಂಚೆ ಹೇಳಬೇಕು, ಅಮ್ಮ, ಆ ಟೇಪಿನಲ್ಲಿ, ಪದ್ಮ ಆ ಬದಿಯಿಂದ ನೋಡುತ್ತಿದ್ದಾಳೆ, ಮನೋಲಿಸ್ ಈ ಬದಿಯಿಂದ, ಮುಳ್ಳು ಇಳಿಯಿತು, ಚರಚರ, ಗಿಟಾರು, ಏಳು.

ಆಕೆಯ ತೋರುಬೆರಳು ಮೇಜಿನ ಮೇಲೆ ಬಿತ್ತು, ಒಂದು ಎರಡು ಮೂರು, ನಾಲ್ಕು, ಬೆರಳು ಮೇಲಿದೆ, ಯಂತ್ರದ ಐದು ಆಗಲೇ ಬಿದ್ದಾಯಿತು, ಬೆರಳು ಈಗ ಇಳಿಯಿತು, ಆರು, ಏಳು. ಎರಡನೆಯ ಸುತ್ತು, ಬೆರಳು ಮೇಲೆ, ಐದು ಮುಂದೆ ಹೋಯಿತು, ಬೆರಳು ಇಳಿಯಿತು, ಮೂರನೆಯದು, ನಾಲ್ಕನೆಯದು, ಒಂಬತ್ತು ಭಾಗ, ಏಳು ಮಿಲಿಮೀಟರು, ಆಕೆಯ ಹುಬ್ಬು ಗಂಟಿಕ್ಕಿತು, ತಲೆ ತುಸು ಓರೆಯಾಯಿತು, ಬಾಗಿಲಾಚೆಯ ಹೆಜ್ಜೆ ಮಗನದಲ್ಲವೆಂದು ತಿಳಿದ ತಾಯಿಯಂತೆ, ಬೆಳ್ಳಗಿನ ಕಣ್ಣುಗಳು ಸರಿಯಾಗಿ ಅವನತ್ತ ತಿರುಗಿದವು, ದಾಸ್ಕಲೆ, ಎಂದಳು ಮೆಲ್ಲಗೆ, ಇದು ಯಾರು? ತಿರುಮಲೇಶನ ಬಾಯಿ ತೆರೆಯಿತು, ನಾನು, ಎಂದ, ಗ್ರೀಕಿನಲ್ಲಿ, ನಾನು ಅಮ್ಮ, ತಿದ್ದಿದ್ದು ನಾನು, ಮನೋಲಿಸ್ ಮುಖ ಮುಚ್ಚಿಕೊಂಡ, ತಟ್ಟೆ ಮಾತ್ರ ತಿರುಗುತ್ತಿದೆ, ಒಂದು ಎರಡು ಮೂರು, ನಾಲ್ಕು, ಮುದುಕಿಯ ಬೆರಳು ಮೇಲೆದ್ದಿತು, ಐದು ಹೋಯಿತು, ಆರು ಹೋಯಿತು, ಏಳು, ಮತ್ತೆ ಒಂದು, ಬೆರಳು ಇಳಿಯಲಿಲ್ಲ, ಮೇಜಿನಿಂದ ಒಂದು ಅಂಗುಲ ಮೇಲೆ, ಬಾಗಿದ ಗಿಣ್ಣು, ಸುಕ್ಕುಗಟ್ಟಿದ ತುದಿ, ಮಗನ ಐದಕ್ಕೆ ಕಾಯುತ್ತ ಗಾಳಿಯಲ್ಲಿ ಬೆರಳು —